ಗಾಂಧಾರದ ವ್ಯಾಜ್ಯ

ಮನೆಯೊಳಗಿನ ವ್ಯಾಜ್ಯಗಳಲ್ಲಿ ಹಿರಿಯರು ಗೆಲ್ಲುವುದು ಬಹುಮಟ್ಟಿಗೆ ವಯಸ್ಸಿನ ಬಲದಿಂದಲೇ ಹೊರತು ನ್ಯಾಯದ ಬಲದಿಂದಲ್ಲವೆಂಬುದನ್ನು ವಾಚಕ ಮಹಾಶಯರು ಬಲ್ಲರು. ನಾವೂ ಅಂತಹ ವ್ಯಾಜ್ಯವೊಂದನ್ನು ಗೆದ್ದು, ಈಚೆಗೆ ಸೋತೆವು. ಆ ಸೋಲಿನಲ್ಲಿ ಗೃಹಸ್ಥರು ತಿಳಿಯತಕ್ಕ ವಿಷಯವೊಂದಿರುವುದರಿಂದ ಇಲ್ಲಿ ನಿವೇದಿಸುವೆವು.

ನಮ್ಮ ಮೊಮ್ಮಗಳು ತಂಬೂರಿಯ ಶ್ರುತಿಗೆ ಮಾಯಾಮಾಳವಗೌಳದ ಸ್ವರಗಳನ್ನು ಹಾಡುವಾಗ ಅವಳ ಅಂತರ ಗಾಂಧಾರವು ನಮ್ಮ ಹಳೆಯ ಹಾರ್ಮೋನಿಯಂನ ಗಾಂಧಾರಕ್ಕಿಂತ ಕೊಂಚ ತಗ್ಗಿರುತ್ತಿತ್ತು. ನಾವು ಹಾರ್ಮೋನಿಯಂನ ಮನೆಯನ್ನೊತ್ತಿ, "ಇದಕ್ಕೆ ಸೇರಿಸು" ಎಂದು ಗದರಿಸುವೆವು. "ತಂಬೂರಿಗೆ ಸೇರಿದೆಯಲ್ಲ, ತಾತ" ಎಂದು ಅವಳೆನ್ನುವಳು. ಬಹುಕಾಲ ಮಕ್ಕಳ ತಪ್ಪನ್ನು ತಿದ್ದಿದ ನಮಗೆ ಆ ಉತ್ತರವು ಉದ್ಧಟತನವಾಗಿ ತೋರಿತು. ಕ್ರಮೇಣ ಆ ಹುಡುಗಿಯು ಗಾಂಧಾರದ ಬಳಿ ಬಂದೊಡನೆ ದನಿಯನ್ನು ಕುಗ್ಗಿಸತೊಡಗಿದಳು.

ಇದನ್ನು ಕಂಡ ಅವಳ ಚಿಕ್ಕಪ್ಪ, ಎಂದರೆ ನಮ್ಮ ಕಿರಿಯ ಮಗ, ತನ್ನ ಕಂಪ್ಯೂಟರನ್ನು ತಂದು ನಮ್ಮ ಮುಂದಿಟ್ಟನು. ೧೯೬೪ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಎಂಬವರು, ವಿದ್ಯುತ್ತಿನ ವೋಲ್ಟೇಜಿನಿಂದ ನಾದವನ್ನು ಆಳುವ ಯಂತ್ರಖಂಡಗಳನ್ನು ನಿರ್ಮಿಸಿದರು. ಖಂಡಗಳನ್ನು ತಂತಿಗಳಿಂದ ಜೋಡಿಸಿ ಬೇಕಾದ ವಾದ್ಯವನ್ನು ಕಟ್ಟಿಕೊಳ್ಳಬಹುದು. ೨೦೧೭ರಲ್ಲಿ ಪ್ರಕಟವಾದ ವಿಸಿವಿ ರ‍್ಯಾಕ್ ಎಂಬ ತಂತ್ರಾಂಶದಲ್ಲಿ ಆ ಖಂಡಗಳೆಲ್ಲ ಪರದೆಯ ಮೇಲಿನ ಚಿತ್ರಗಳು. ವೋಲ್ಟೇಜೂ ಕೇವಲ ಲೆಕ್ಕದ ಅಂಕಿ. ಇವುಗಳಲ್ಲಿ ನಾದಕ್ಕೆ ಜನ್ಮಕೊಡುವ ಖಂಡವೇ ಆಸಿಲೇಟರ್. ನಮ್ಮ ಮಾತಿನಲ್ಲಿ ಆಂದೋಲಕ.

ಆಂದೋಲಕಕ್ಕೆ ಸೊನ್ನೆ ವೋಲ್ಟು ಕೊಟ್ಟು ಗುಂಡಿಯನ್ನು ನಡುವೆ ಇರಿಸಿದರೆ ಸೆಕೆಂಡಿಗೆ ೨೬೧.೬೩ ಕಂಪನಗಳ ಸ್ವರ ಹೊರಡುವುದು. ಒಂದು ವೋಲ್ಟು ಹೆಚ್ಚಿಸಿದರೆ ಕಂಪನಗಳು ಇಮ್ಮಡಿಯಾಗಿ ತಾರಷಡ್ಜ ಬರುವುದು. ವೋಲ್ಟಿನ ಹನ್ನೆರಡನೆಯ ಒಂದು ಭಾಗವು ಹಾರ್ಮೋನಿಯಂನ ಒಂದು ಮನೆಗೆ ಸಮ. ಸ್ವರವು ಹೀಗೆ ಗುಂಡಿಯಿಂದಾದರೆ, ಅದರ ಬಣ್ಣವು ನಾಲ್ಕು ಬಾಯಿಗಳಿಂದ ಬರುವುದು. ಸೈನ್ ಎಂಬ ನುಣುಪಾದ ಅಲೆಯಲ್ಲಿ ಮೂಲಸ್ವರವೊಂದೇ ಇರುವುದು. ತ್ರಿಕೋಣ ಮತ್ತು ಚೌಕದ ಅಲೆಗಳಲ್ಲಿ ಮೂಲದ ಮೂರು, ಐದು, ಏಳು ಮಡಿಯ ಸ್ವಯಂಭೂಸ್ವರಗಳೂ, ಗರಗಸದ ಹಲ್ಲಿನಂತಹ ಅಲೆಯಲ್ಲಿ ಎರಡು, ಮೂರು, ನಾಲ್ಕು, ಐದು ಎಂದು ಸಕಲ ಮಡಿಗಳೂ ಬೆರೆತಿರುವುವು. ಚೌಕದ ಅಗಲವನ್ನು ಬದಲಿಸುವ, ಒಂದು ಆಂದೋಲಕದಿಂದ ಇನ್ನೊಂದನ್ನು ಅಲುಗಿಸುವ ಸೌಕರ್ಯಗಳೂ ಉಂಟು. ನಮ್ಮ ವ್ಯಾಜ್ಯಕ್ಕೆ ಅವು ಬೇಕಾಗಲಿಲ್ಲ.

ಮಗನು ಎರಡು ಆಂದೋಲಕಗಳನ್ನು ನಿಲ್ಲಿಸಿ ಒಂದನ್ನು ಷಡ್ಜಕ್ಕೂ, ಮತ್ತೊಂದನ್ನು ನಾಲ್ಕು ಮನೆ ಮೇಲೆ, ಹಾರ್ಮೋನಿಯಂನ ಗಾಂಧಾರಕ್ಕೂ ಇಟ್ಟನು. ಸೈನ್ ಅಲೆಯಲ್ಲಿ ಎರಡೂ ನೆಮ್ಮದಿಯಾಗಿ ಕೂಡಿದ್ದುವು. "ನೋಡಿದೆಯಾ" ಎಂದೆವು. ಅವನು ಗರಗಸದ ಅಲೆಗೆ ತಂತಿಯನ್ನು ಬದಲಿಸಿದೊಡನೆ ನಾದದಲ್ಲಿ ಗರಗರನೆ ನಡುಕ ಹುಟ್ಟಿತು. ಕಾರಣವು ಸ್ಪಷ್ಟ. ಷಡ್ಜದ ಐದನೆಯ ಮಡಿಯು ೧೩೦೮ ಕಂಪನ. ಆ ಗಾಂಧಾರದ ನಾಲ್ಕನೆಯ ಮಡಿಯು ೧೩೧೮ಕ್ಕೂ ತುಸು ಮಿಗಿಲು. ಇವೆರಡೂ ಸೆಕೆಂಡಿಗೆ ಸುಮಾರು ಹತ್ತು ಸಲ ಪರಸ್ಪರ ಡಿಕ್ಕಿ ಹೊಡೆಯುವುವು. ಸೈನ್ ಅಲೆಯಲ್ಲಿ ಈ ಮಡಿಗಳೇ ಇಲ್ಲದ್ದರಿಂದ ಕಲಹವು ಮುಚ್ಚಿಹೋಗಿತ್ತು.

ಬಳಿಕ ಅವನು ಗಾಂಧಾರದ ಗುಂಡಿಯನ್ನು ಎಳ್ಳಷ್ಟು ಇಳಿಸಿದನು. ೩೨೯.೬೩ ಇದ್ದುದು ೩೨೭.೦೩ಕ್ಕೆ, ಎಂದರೆ ಷಡ್ಜಕ್ಕೆ ನಾಲ್ಕಕ್ಕೈದರ ಪ್ರಮಾಣಕ್ಕೆ, ಬಂದಿತು. ನಡುಕವು ಅಡಗಿ, ಎರಡು ನಾದಗಳೂ ಒಂದೇ ಆದಂತಾಯಿತು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರದ ತಂತಿಯಿಲ್ಲದೆಯೂ ಕೇಳಿಬರುವ ಗಾಂಧಾರವು ಇದೇ. ಮೂಲೆಯಲ್ಲಿ ಕುಳಿತಿದ್ದ ಮೊಮ್ಮಗಳು ಮೆಲ್ಲನೆ ದನಿಗೂಡಿಸಿದಳು. ಅವಳು ದಿನವೂ ಹಾಡುತ್ತಿದ್ದ ಸ್ವರ ಅದೇ ಆಗಿತ್ತು!

ಹಾರ್ಮೋನಿಯಂ ಅಪರಾಧಿಯಲ್ಲ. ಯಾವ ಮನೆಯನ್ನು ಷಡ್ಜವೆಂದರೂ ನುಡಿಯಬೇಕಾದ್ದರಿಂದ, ಅದು ಹನ್ನೆರಡು ಮನೆಗಳಿಗೂ ಸಮಪಾಲು ಮಾಡಿ ಒಂದೊಂದರಲ್ಲಿ ಕೊಂಚ ಕೊಂಚ ಬಿಟ್ಟುಕೊಟ್ಟಿರುವುದು. ಆ ರಾಜಿಯನ್ನೇ ಶಾಸ್ತ್ರವೆಂದು ತಿಳಿದು ಮಗುವಿನ ಕಿವಿಯನ್ನು ದಂಡಿಸಿದ ನಾವೇ ಅಪರಾಧಿಗಳು. ತಂಬೂರಿಯು ನಿತ್ಯವೂ ಸಾಕ್ಷಿ ನುಡಿಯುತ್ತಿದ್ದರೂ ನಾವು ಕೇಳದೆಹೋದೆವು. ಅದನ್ನೇ ಯಂತ್ರವು ಬಿಡಿಸಿ ಹೇಳಬೇಕಾಯಿತು.

"ನಿನ್ನ ಗಾಂಧಾರವೇ ಸರಿಯಮ್ಮ, ತಪ್ಪು ನಮ್ಮದು" ಎಂದೆವು. ಅವಳು ಏನನ್ನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಗಾಂಧಾರದಲ್ಲಿ ಬಹಳ ಹೊತ್ತು, ತುಂಬಿದ ದನಿಯಲ್ಲಿ ನಿಂತಳು. ಮನೆಯಲ್ಲಿ ಹಾಡುವ ಮಕ್ಕಳಿರುವ ಗೃಹಸ್ಥರು, ತಿದ್ದುವ ಮುನ್ನ ಒಂದು ಗಳಿಗೆ ತಂಬೂರಿಯ ಬಳಿ ಕುಳಿತು ಕೇಳಬೇಕೆಂಬುದೇ ನಮ್ಮ ಬಿನ್ನಹ.