ಚಳಿಜ್ವರ ಇಳಿದ ಮೇಲೆ ಉಸಿರಿನ ಎಚ್ಚರಿಕೆ

ಮಲೇರಿಯಾ ಜ್ವರವು ವಿಷಮಿಸಿದರೆ ಮಿದುಳಿಗೆ ತಗಲುವುದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದು ಶ್ವಾಸಕೋಶಗಳನ್ನೂ ಹಿಡಿಯಬಲ್ಲದೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಔಷಧವು ಹಿಡಿದು, ಜ್ವರವಿಳಿದು, ಮನೆಯವರು ನೆಮ್ಮದಿಯಿಂದಿರುವ ಹೊತ್ತಿನಲ್ಲಿಯೂ ಈ ಉಪದ್ರವವು ತಲೆದೋರುವುದುಂಟು. ಆದಕಾರಣ ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಮಲೇರಿಯಾದ ಸೂಕ್ಷ್ಮಜೀವಿಗಳು ರಕ್ತದ ಕೆಂಪು ಕಣಗಳಲ್ಲಿ ಬೆಳೆಯುವುವು. ಫಾಲ್ಸಿಪೇರಮ್ ಎಂಬ ಉಗ್ರಜಾತಿಯಲ್ಲಿ ಆ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಳ್ಳುವುವು. ರೋಗದೊಡನೆ ದೇಹವು ನಡೆಸುವ ಹೋರಾಟದಿಂದಲೂ ನಾಳಗಳಿಗೆ ಉರಿಯೂತವುಂಟಾಗುವುದು. ಆಗ ಒಡ್ಡು ಸಡಿಲಿದ ಕೆರೆಯ ನೀರು ಗದ್ದೆಗೆ ಜಿನುಗುವಂತೆ, ರಕ್ತದ ನೀರಿನಂಶವು ಶ್ವಾಸಕೋಶದ ಗಾಳಿಗೂಡುಗಳಿಗೆ ಜಿನುಗಿ ತುಂಬುವುದು. ರೋಗಿಯು ಎಷ್ಟು ಉಸಿರೆಳೆದರೂ ಆಮ್ಲಜನಕವು ರಕ್ತಕ್ಕೆ ಸಾಲದೆ ಹೋಗುವುದು. ನಾಳಗಳ ಈ ಹಾನಿಯು ಸೂಕ್ಷ್ಮಜೀವಿಗಳು ನಾಶವಾದೊಡನೆ ಸರಿಹೋಗತಕ್ಕದ್ದಲ್ಲ. ಜ್ವರವಿಳಿದ ಮೇಲೂ ಅಪಾಯವಿರುವುದಕ್ಕೆ ಇದೇ ಕಾರಣ.

ಮಕ್ಕಳಿಗಿಂತ ವಯಸ್ಕರಲ್ಲಿ ಇದು ಹೆಚ್ಚು. ಗರ್ಭಿಣಿಯರಲ್ಲಂತೂ ವಿಶೇಷ ಎಚ್ಚರಿಕೆ ಬೇಕು. ವೈವಾಕ್ಸ್ ಎಂಬ ಇನ್ನೊಂದು ಜಾತಿಯನ್ನು ಸೌಮ್ಯವೆಂದು ಹಿಂದೆ ಎಣಿಸುತ್ತಿದ್ದರು; ಅದರಲ್ಲಿಯೂ ಶ್ವಾಸಕೋಶಗಳು ಕೆಟ್ಟ ನಿದರ್ಶನಗಳುಂಟು. ಬಹುವರ್ಷ ಮಲೇರಿಯಾದಿಂದ ಬಳಲಿದ ಮಂಗಳೂರಿನಲ್ಲಿ ಹೆಚ್ಚಾಗಿ ಕಂಡುದು ಈ ಜಾತಿಯೇ. ಆದುದರಿಂದ "ನಮ್ಮದು ಸಾಧಾರಣ ಮಲೇರಿಯಾ" ಎಂದು ಯಾರೂ ಮೈಮರೆಯಕೂಡದು.

ಮನೆಯವರು ಮಾಡಬೇಕಾದುದೇನು? ರೋಗಿಯು ಸುಮ್ಮನೆ ಮಲಗಿರುವಾಗ, ಅವನಿಗೆ ತಿಳಿಯದಂತೆ, ಎದೆಯ ಏರಿಳಿತವನ್ನು ಗಡಿಯಾರವಿಟ್ಟು ಒಂದು ನಿಮಿಷ ಪೂರ್ತಿ ಎಣಿಸಬೇಕು. ಆರೋಗ್ಯವಂತ ವಯಸ್ಕರ ಉಸಿರು ನಿಮಿಷಕ್ಕೆ ಸುಮಾರು 12ರಿಂದ 20. ಅದು 30ನ್ನು ಮೀರಿದರೆ ಘೋರ ಅಪಾಯ. ಅಲ್ಲಿಯವರೆಗೆ ಕಾಯುವುದೂ ತರವಲ್ಲ. ಉಸಿರು ಏರುತ್ತ ಹೋದರೆ, ಮಲಗಲಾರದೆ ಎದ್ದು ಕುಳಿತರೆ, ಮಾತು ತುಂಡಾದರೆ, ತುಟಿ ನೀಲಿಗಟ್ಟಿದರೆ, ರಾತ್ರಿಯೆನ್ನದೆ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ನೆಗಡಿ ಕೆಮ್ಮೆಂದು ಕಷಾಯ ಕಾಯಿಸುತ್ತ ಕೂರಬಾರದು. ಮಕ್ಕಳು ಆಳವಾಗಿ, ವೇಗವಾಗಿ ಉಸಿರಾಡಿದರೆ ರಕ್ತದಲ್ಲಿ ಆಮ್ಲವೇರಿದುದೂ ಕಾರಣವಾಗಿರಬಹುದು; ಅದಕ್ಕೂ ತಡವು ಸಲ್ಲದು.

ಇನ್ನೊಂದು ಮಾತು. ರೋಗಿಯು ಸೋತನೆಂದು "ಇನ್ನೂ ಒಂದು ಬಾಟಲಿ ಗ್ಲೂಕೋಸ್ ಏರಿಸಿರಿ" ಎಂದು ವೈದ್ಯರನ್ನು ಪೀಡಿಸುವವರು ಹಲವರು. ಜಿನುಗುವ ಶ್ವಾಸಕೋಶಕ್ಕೆ ಆ ನೀರೇ ಮುಳುವಾದೀತು. ಎಷ್ಟು ಬೇಕೆಂಬುದನ್ನು ಅಳೆಯುವ ಕೆಲಸ ವೈದ್ಯರದು.

ಮಲೇರಿಯಾ ವಿಷಮಿಸಿದಾಗ ಈಗ ಮೊದಲು ಕೊಡುವುದು ಆರ್ಟಿಸುನೇಟ್ ಚುಚ್ಚುಮದ್ದು. 2005ರಲ್ಲಿ ಪ್ರಕಟವಾದ, ಭಾರತವೂ ಸೇರಿ ಏಷ್ಯಾದ ನಾಲ್ಕು ದೇಶಗಳ ಪರೀಕ್ಷೆಯಲ್ಲಿ, ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಮಂದಿಯೂ ಆರ್ಟಿಸುನೇಟ್ ಪಡೆದವರಲ್ಲಿ 15 ಮಂದಿಯೂ ತೀರಿಕೊಂಡರು. ಔಷಧವು ಅಷ್ಟು ಉತ್ತಮವಾಗಿದೆ. ಆದರೂ ಶ್ವಾಸಕೋಶ ಕೆಟ್ಟವನಿಗೆ ಆಮ್ಲಜನಕವೂ, ಕೆಲವೊಮ್ಮೆ ಉಸಿರಾಟದ ಯಂತ್ರವೂ ಬೇಕು. ಅವು ಸಕಾಲದಲ್ಲಿ ದೊರೆಯಬೇಕಾದರೆ ಮೊದಲು ಕಾಣಬೇಕಾದವರು ಹಾಸಿಗೆಯ ಪಕ್ಕದಲ್ಲಿರುವವರು. ಜ್ವರಮಾಪಕವನ್ನು ಒಳಗಿಟ್ಟ ಮೇಲೂ ಗಡಿಯಾರವನ್ನು ಕೆಲವು ದಿನ ಕೈಯಲ್ಲಿರಿಸಿಕೊಳ್ಳಬೇಕೆಂದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ.