ಮಹಾದಾಯಿಯ ಮೇಲೆ ಎರಡು ಎಕ್ಕ

ಕ್ಯಾಸಿನೋದ ಬಹುತೇಕ ಆಟಗಳಲ್ಲಿ ನಿಮ್ಮ ಎದುರಾಳಿ ಕ್ಯಾಸಿನೋನೇ. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆಗಳಿರುತ್ತವೆ, ನಿಮ್ಮ ಅಂಕಿ ಬಂದರೆ ಕೊಡುವುದು ಒಂದಕ್ಕೆ 35. ಆ ವ್ಯತ್ಯಾಸದಲ್ಲೇ ಅವರ ಜೀವನ. ಪೋಕರ್ ಹಾಗಲ್ಲ, ಅಲ್ಲಿ ಆಟಗಾರರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಅದಕ್ಕೇ ಲೆಕ್ಕ ಬಲ್ಲವರೆಲ್ಲ ರೂಲೆಟ್ ಮೇಜಿನ ಕಡೆ ಸ್ವಲ್ಪ ಕನಿಕರದಿಂದ ನೋಡುತ್ತ ಪೋಕರ್ ಕೋಣೆಗೆ ನಡೆಯುತ್ತಾರೆ. ಅಲ್ಲಿ ಡೀಲರ್ ಆಟದ ಒಟ್ಟು ಹಣದಿಂದ ಒಂದು ಪಾಲು ಎತ್ತಿ ಪಕ್ಕಕ್ಕಿಡುತ್ತಾನೆ, ಅದರ ಹೆಸರು ರೇಕ್. ಯಾರೇ ಗೆಲ್ಲಲಿ, ಮೇಜಿನ ಸುತ್ತ ಕೂತವರ ದುಡ್ಡನ್ನೆಲ್ಲ ಕೂಡಿಸಿ ನೋಡಿದರೆ ಬೆಳಗಿನ ಹೊತ್ತಿಗೆ ಅದು ಕರಗಿರುತ್ತದೆ.

ಗೋವಾದ 1976ರ ಜೂಜು ಕಾಯ್ದೆಗೆ 1996ರಲ್ಲಿ ತಿದ್ದುಪಡಿ ತಂದು ಹಡಗುಗಳ ಮೇಲೆ ಮೇಜಿನ ಆಟಗಳಿಗೆ ಅವಕಾಶ ಕೊಟ್ಟರು. ಹಾಗಾಗಿ ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳಿಗೆ ಪುಟ್ಟ ದೋಣಿಯಲ್ಲಿ ಹೋಗಬೇಕು. 2020ರಿಂದ ಗೋವಾದವರಿಗೆ ಅಲ್ಲಿ ಪ್ರವೇಶವಿಲ್ಲ, ಆಡುವವರೆಲ್ಲ ನಮ್ಮಂಥ ಹೊರಗಿನವರು. ಮಾಂಡೋವಿ ಎಂದರೆ ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹಾದಾಯಿಯೇ. ಅದರ ನೀರಿಗಾಗಿ ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. ನೀರು ಆ ಕಡೆ ಬರಲಿಲ್ಲ, ಆ ಕಡೆಯ ಹುಡುಗರು ನೀರಿನ ಕಡೆ ಬರುತ್ತಿದ್ದಾರೆ.

ಪುಣೆಯಿಂದ ನಾವು ಮೂವರು ಗೆಳೆಯರು ಹೋಗಿದ್ದೆವು. ಅವರಿಬ್ಬರೂ ಊಟ ಮಾಡಿ ಹಾಡು ಕೇಳುತ್ತ ಕೂತರು. ನಾನು ಹತ್ತು ಸಾವಿರದ ಚಿಪ್ಸ್ ಕೊಂಡು ಮೇಜಿಗೆ ಕೂತೆ. ಸಿನಿಮಾದಲ್ಲಿ ತೋರಿಸುವ ಪೋಕರ್‌ಗೂ ನಿಜದ ಪೋಕರ್‌ಗೂ ಸಂಬಂಧವಿಲ್ಲ. ಕೈಗೆ ಎರಡು ಎಲೆ ಬರುತ್ತವೆ, ನೋಡುತ್ತೀರಿ, ಮಡಚಿ ಎಸೆಯುತ್ತೀರಿ. ಮತ್ತೆ ಎರಡು, ಮತ್ತೆ ಎಸೆತ. ಚೆನ್ನಾಗಿ ಆಡುವುದು ಎಂದರೆ ಹೆಚ್ಚು ಹೊತ್ತು ಆಡದೇ ಇರುವುದು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತ ಹಾಗೆ ನಾಲ್ಕು ಗಂಟೆ ಕಳೆಯಿತು.

ಆಮೇಲೆ ಎರಡು ಎಕ್ಕ ಬಂದವು. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ, ಸರಾಸರಿ 221 ಸಲಕ್ಕೆ ಒಮ್ಮೆ ಬರುವಂಥದ್ದು. ಏರಿಸಿದೆ. ಎದುರಿಗೆ ಕೂತ ಟೋಪಿಯ ಹುಡುಗನೊಬ್ಬ ಬಿಟ್ಟು ಉಳಿದವರೆಲ್ಲ ಬಿಟ್ಟುಕೊಟ್ಟರು. ಅವನು ಇನ್ನೂ ಏರಿಸಿದ, ನಾನು ಇದ್ದುದೆಲ್ಲ ಮುಂದೆ ತಳ್ಳಿದೆ. ಅವನ ಕೈಯಲ್ಲಿದ್ದದ್ದು ಕಳಾವರ್ ಒಂಬತ್ತು, ಕಳಾವರ್ ಏಳು. ನಾಲ್ಕರಲ್ಲಿ ಮೂರು ಸಲಕ್ಕಿಂತ ಹೆಚ್ಚು ನಾನೇ ಗೆಲ್ಲಬೇಕಾದ ಆಟ. ಡೀಲರ್ ಬಿಚ್ಚಿದ: ಒಂಬತ್ತು, ಏಳು, ಎರಡು. ಉಳಿದ ಎರಡು ಎಲೆಗಳೂ ನನಗೆ ಒದಗಲಿಲ್ಲ.

"ಥೂ, ಹೋಯ್ತಲ್ಲ" ಅಂದೆ. ಹುಡುಗ ತಲೆ ಎತ್ತಿ ನೋಡಿದ.

ನಳನಿಗೆ ಋತುಪರ್ಣ ಕಲಿಸಿದ ಅಕ್ಷಹೃದಯದ ಕಥೆ ನೆನಪಿದೆಯಲ್ಲ? ತಾರೆ ಮರದ ಎಲೆ, ಕಾಯಿಗಳನ್ನು ಒಂದೊಂದಾಗಿ ಎಣಿಸದೆಯೇ ಲೆಕ್ಕ ಹೇಳಿದವನು ಋತುಪರ್ಣ. ಆ ವಿದ್ಯೆ ಕಲಿತ ನಳ ಒಂದೇ ಆಟದಲ್ಲಿ ರಾಜ್ಯ ಮರಳಿ ಗೆದ್ದ. ಕಥೆಗೆ ಅದು ಚೆಂದ. ಆದರೆ ನಾಲ್ಕರಲ್ಲಿ ಮೂರು ಎನ್ನುವ ಲೆಕ್ಕ ನಿಜವಾಗಬೇಕಾದರೆ ಸಾವಿರಾರು ಸಲ ಆಡಬೇಕು. ಕ್ಯಾಸಿನೋದ ಹತ್ತಿರ ಅಷ್ಟೂ ರಾತ್ರಿಗಳಿವೆ. ನನಗಿದ್ದದ್ದು ಶನಿವಾರ ಒಂದೇ.

ಎರಡು ಗಂಟೆಗೆ ಡೆಕ್ ಮೇಲೆ ಗಾಳಿಗೆ ನಿಂತಿದ್ದಾಗ ಅದೇ ಹುಡುಗ ಬಂದ. "ಅಣ್ಣಾರ, ಕನ್ನಡದವರೇನ್ರಿ?"

ನವಲಗುಂದದ ಹತ್ತಿರದ ಊರು. ಪೋಕರ್ ಕಲಿತದ್ದು ಫೋನಿನಲ್ಲಿ. 2025ರ ಕಾಯ್ದೆ ಬಂದು ಆನ್‌ಲೈನ್ ಹಣದಾಟ ನಿಂತ ಮೇಲೆ ಇಲ್ಲಿಗೆ ಬರತೊಡಗಿದನಂತೆ. "ಫೋನಿನ್ಯಾಗ ಬಂದ್ ಮಾಡಿದ್ರಲ್ರಿ, ಮತ್ತ ಎಲ್ಲಿ ಆಡೂದು?" ನನ್ನಿಂದ ಗೆದ್ದದ್ದೂ ಹೋಗಿತ್ತು, ಹೆಸರು ಮಾರಿದ ರೊಕ್ಕವೂ ಹೋಗಿತ್ತು.

"ಒಂದ್ ಐದ್ ಸಾವಿರ ಕೊಡ್ರಿ ಅಣ್ಣಾರ. ಬೆಳಗಾಗೂದ್ರಾಗ ಹೊಳ್ಳಿ ಕೊಡ್ತೀನಿ."

ಹೊರನಾಡಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮ ಮನಸ್ಸು ಎಷ್ಟು ಬೇಗ ಕರಗುತ್ತದೆ ಎನ್ನುವುದು ಓದುಗರಿಗೆ ಹೇಳಬೇಕಾಗಿಲ್ಲ. ಆ ಹುಡುಗನಿಗೂ ಅದು ಗೊತ್ತಿತ್ತು. ಅವನಿಗೆ ಸಿಕ್ಕ ಮೊದಲ ಕನ್ನಡದವನು ನಾನೇ ಆಗಿರಲಾರೆ.

"ಆಟಕ್ಕೆ ಕೊಡಲ್ಲಪ್ಪ. ಊರಿಗೆ ಹೋಗೋದಾದ್ರೆ ಹೇಳು, ಬಸ್ಸಿಗೆ ಎಷ್ಟಾಗುತ್ತೋ ಕೊಡ್ತೀನಿ, ವಾಪಸ್ ಬೇಡ" ಅಂದೆ.

"ಬಸ್ಸಿಗೆ ಬ್ಯಾಡ್ರಿ" ಅಂದ, ಸಿಟ್ಟಿಲ್ಲದೆ. ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತಿದ್ದ. ಈ ಸಲ ಮಳೆ ಹೇಗೆ ಅಂತ ಕೇಳಿದೆ. ಹೆಸರಿಗೆ ಪರವಾಗಿಲ್ಲ, ಕಟಾವಿನ ಹೊತ್ತಿಗೆ ಸ್ವಲ್ಪ ಜಾಸ್ತಿಯಾಯಿತು ಅಂದ. ಆಮೇಲೆ ಟೋಪಿ ಸರಿಮಾಡಿಕೊಂಡು ಒಳಗೆ ಹೋದ.

ಮೂರೂವರೆಗೆ ನಾವು ಮೂವರೂ ದೋಣಿ ಹತ್ತಿದೆವು. ಅದರಲ್ಲಿ ಅವನಿರಲಿಲ್ಲ.