ಎತ್ತಿಗೆ ಜ್ವರ, ಹತ್ತು ಎಮ್ಮೆಗೆ ಬರೆ

ಬೊರಿವಲಿಗೆ ಬಂದು ಮೂವತ್ತು ವರ್ಷ ದಾಟಿತು. ಅದರಲ್ಲಿ ಇಪ್ಪತ್ತು ವರ್ಷ ಸರ್ವರುಗಳ ಜೊತೆ ಹೆಣಗಿದ್ದೇ ಆಯ್ತು. ಹಾಗಾಗಿ ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. "ಮಾವ, ನಮ್ಮ ಮ್ಯಾನೇಜರು ಎಲ್ಲಾ ಅಪ್ಲಿಕೇಶನ್ನುಗಳನ್ನೂ ಒಂದೇ ಟಾಮ್‌ಕ್ಯಾಟಿಗೆ ಹಾಕಿ ಅಂತಿದ್ದಾರೆ. ಮೆಮೊರಿ ಉಳೀತದಂತೆ."

ಉಳೀತದೆ ಮಾರಾಯಾ, ಉಳೀತದೆ. ನಾವೂ ಉಳಿಸಿದ್ದೆವು!

2007ರ ಮಾತು. ಅಂಧೇರಿಯ ಒಂದು ಕಂಪೆನಿ, ಹೆಸರು ಬೇಡ. ಒಂದೇ ಸರ್ವರಿನಲ್ಲಿ ಹನ್ನೊಂದು ಅಪ್ಲಿಕೇಶನ್: ಸಂಬಳದ್ದು, ರಜೆಯದ್ದು, ಗೋಡೌನಿನದ್ದು... ಕೊನೆಗೆ ಕ್ಯಾಂಟೀನ್ ಕೂಪನ್ನಿನದ್ದೂ. ಕೂಪನ್ ಹುಡುಗ ವಾರಕ್ಕೆ ನಾಲ್ಕು ಸಲ ಹೊಸ ವಾರ್ ಫೈಲ್ ತಂದು ಹಾಕುತ್ತಿದ್ದ. ಹಳೆಯದನ್ನು ತೆಗೆದರೂ ಅದರ ಕ್ಲಾಸುಗಳು ಮೆಮೊರಿ ಬಿಟ್ಟು ಹೋಗುತ್ತಿರಲಿಲ್ಲ. ಎಲ್ಲೋ ಒಂದು ಥ್ರೆಡ್ ಅವುಗಳ ಸೆರಗು ಹಿಡಿದುಕೊಂಡೇ ಇರುತ್ತಿತ್ತು. ತಿಂಗಳ ಕೊನೆಯ ದಿನ ಪರ್ಮ್‌ಜೆನ್ ತುಂಬಿ ಇಡೀ ಸರ್ವರ್ ಮಲಗಿತು. ಸಂಬಳದ ಲೆಕ್ಕ ಅರ್ಧದಲ್ಲಿ ನಿಂತಿತು. ಮಾರನೇ ದಿನ ಗೇಟಿನ ವಾಚ್‌ಮನ್ "ಸಾಬ್, ಪಗಾರ್?" ಅಂತ ಕೇಳಿದಾಗ ಮುಖ ಎಲ್ಲಿಡಲಿ? ಸಂಬಳದ ಅಪ್ಲಿಕೇಶನ್ ನನ್ನದು, ಬೈಗುಳವೂ ನನಗೇ. ಕೂಪನ್ ಹುಡುಗ ಆರಾಮಾಗಿ ಕ್ಯಾಂಟೀನಿನಲ್ಲಿ ವಡಾ ತಿನ್ನುತ್ತಿದ್ದ.

"ಅದು ಹಳೇ ಕಾಲ, 2014ರಲ್ಲಿ ಜಾವಾ 8 ಬಂದ ಮೇಲೆ ಪರ್ಮ್‌ಜೆನ್ನೇ ಇಲ್ವಲ್ಲ" ಅನ್ನುವವರಿದ್ದಾರೆ. ನಿಜ, ಅದರ ಜಾಗಕ್ಕೆ ಮೆಟಾಸ್ಪೇಸ್ ಬಂತು. ಡಬ್ಬಿ ಹೋಗಿ ಡ್ರಮ್ಮು ಬಂತು, ಸೋರುವುದು ನಿಂತಿತೇ? ಹೀಪು ಈಗಲೂ ಒಂದೇ, ಕಸ ಗುಡಿಸಲು ಜೆವಿಎಂ ನಿಂತರೆ ಎಲ್ಲರೂ ನಿಲ್ಲಬೇಕು. ಥ್ರೆಡ್ಡುಗಳ ಕಥೆ ಇನ್ನೂ ಚೆಂದ. ನೀವಾಗಿ ಬದಲಿಸದಿದ್ದರೆ ಟಾಮ್‌ಕ್ಯಾಟಿನ ಒಂದು ಕನೆಕ್ಟರಿಗೆ ಹೆಚ್ಚೆಂದರೆ 200 ಥ್ರೆಡ್. ಒಂದು ಅಪ್ಲಿಕೇಶನ್ ನಿಧಾನದ ಡೇಟಾಬೇಸಿಗೆ ಕಾಯುತ್ತಾ ಅಷ್ಟನ್ನೂ ಹಿಡಿದುಕೊಂಡರೆ ಉಳಿದವರು ಹೊರಗೆ, ಸಿಪಿಯು ಖಾಲಿ ಕೂತಿದ್ದರೂ! ವಿರಾರ್ ಫಾಸ್ಟ್ ನೋಡಿದ್ದೀರಲ್ಲ? ಬಾಗಿಲಲ್ಲಿ ನಿಂತವರು ಸರಿಯದಿದ್ದರೆ ಒಳಗೆ ಜಾಗವಿದ್ದೂ ಬೊರಿವಲಿಯವನಿಗೆ ಹತ್ತಲಾಗುವುದಿಲ್ಲ.

ಹಂಚಿಕೊಳ್ಳುವುದೇ ತಪ್ಪು ಅಂತ ನನ್ನ ವಾದವಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಒಂದೇ ಖೋಲಿಯಲ್ಲಿ ಏಳು ಜನ ಮಲಗಿದವರು ನಾವು. ಖೋಲಿ ಒಂದೇ, ಸರಿ. ಹಲ್ಲುಜ್ಜುವ ಬ್ರಷ್ಷೂ ಒಂದೇ ಇರಬೇಕಾ? ಯಂತ್ರ ಒಂದೇ ಇರಲಿ, ಪ್ರೊಸೆಸ್ ಬೇರೆ ಇರಲಿ. ಟಾಮ್‌ಕ್ಯಾಟಿಗೆ ದುಡ್ಡು ಕೊಡಬೇಕಾಗಿಲ್ಲ. ಒಂದೇ ಇನ್‌ಸ್ಟಾಲಿನ ಮೇಲೆ ಬೇರೆ ಬೇರೆ ಕೆಟಲೀನಾ ಬೇಸ್ ಇಟ್ಟು, ಬೇರೆ ಪೋರ್ಟು, ಬೇರೆ ಹೀಪಿನ ಮಿತಿ ಕೊಟ್ಟರೆ ಒಬ್ಬ ಬಿದ್ದರೆ ಅವನೊಬ್ಬನೇ ಬೀಳುತ್ತಾನೆ. ಪ್ರತಿ ಜೆವಿಎಂ ಸ್ವಲ್ಪ ಮೆಮೊರಿ ತಿನ್ನುತ್ತದೆ, ಒಪ್ಪಿದೆ. ಆದರೆ ಆ ಮೆಮೊರಿಯ ಬೆಲೆ ಹೇಳುವ ಮ್ಯಾನೇಜರು ಸಂಬಳ ತಪ್ಪಿದ ದಿನದ ಬೆಲೆಯನ್ನು ಯಾವ ಎಕ್ಸೆಲ್ ಶೀಟಿನಲ್ಲೂ ಬರೆಯುವುದಿಲ್ಲ.

ದೊಡ್ಡ ಮಟ್ಟದಲ್ಲೂ ಇದನ್ನು ನೋಡಿದ್ದೇವೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಕಂಪೆನಿಗೆ ರ‍್ಯಾನ್ಸಮ್‌ವೇರ್ ತಗುಲಿದಾಗ ಎನ್‌ಪಿಸಿಐ ಅದರ ಸಂಪರ್ಕ ಕಡಿಯಿತು. ಅದನ್ನೇ ನಂಬಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ ನಿಂತಿತು. ಅದು ಕಳ್ಳರ ಕೆಲಸ, ಮೆಮೊರಿ ಸೋರಿಕೆಯಲ್ಲ. ಸಣ್ಣ ಸಹಕಾರಿ ಬ್ಯಾಂಕಿಗೆ ಸ್ವಂತ ಡೇಟಾ ಸೆಂಟರ್ ಕಟ್ಟುವ ತಾಕತ್ತೂ ಇಲ್ಲ, ಅವರನ್ನು ದೂರಲಾರೆ. ಆದರೆ ಬಾಗಿಲು ಒಂದೇ ಇದ್ದದ್ದಕ್ಕೆ ತಾನೇ, ಅದಕ್ಕೆ ಬೀಗ ಬಿದ್ದಾಗ ಅಷ್ಟೂ ಮನೆಯವರು ಬೀದಿಯಲ್ಲಿ ನಿಂತದ್ದು?

ಅಕ್ಕನ ಮಗನಿಗೆ ಇಷ್ಟೂ ಹೇಳಿದೆ. "ಹೇಳಿದ್ರೆ ಕೇಳಲ್ಲ ಮಾವ" ಅಂದ. ಮೇಲ್ ಹಾಕು, ಒಂದು ಪ್ರತಿ ತೆಗೆದಿಟ್ಟುಕೋ ಅಂದೆ. 2007ರಲ್ಲಿ ನಾನು ಬಾಯಲ್ಲಷ್ಟೇ ಹೇಳಿದ್ದೆ.